ಮೋಡಗಳ ಉಸ್ತುವಾರಿ

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ಮೇಲೆ ನನಗೆ ಸಿಕ್ಕ ಒಂದೇ ಒಂದು ಹುದ್ದೆ ಎಂದರೆ ಮೋಡಗಳ ಉಸ್ತುವಾರಿ. ಕೊಟ್ಟವರು ಸರ್ಕಾರದವರಲ್ಲ, ಸಿನಿಮಾದವರು. ಹಾಗಾಗಿ ಆದೇಶಪತ್ರ ಇರಲಿಲ್ಲ, ಆದರೆ ದಿನಾ ಬೆಳಿಗ್ಗೆ ಪಾಂಡವಪುರದ ನಮ್ಮ ಮನೆ ಮುಂದೆ ಒಂದು ಕಾರು ಬಂದು ನಿಲ್ಲುತ್ತಿತ್ತು. ನಿವೃತ್ತ ಮೇಷ್ಟರ ಮನೆ ಮುಂದೆ ದಿನಾ ಕಾರು ನಿಂತರೆ ನಮ್ಮ ಬೀದಿಯವರು ಊಹಿಸುವುದು ಆಸ್ಪತ್ರೆಯನ್ನು. ಎದುರು ಮನೆಯವರು ಮೂರನೇ ದಿನ ಎಳನೀರು ತಂದುಕೊಟ್ಟು ನನ್ನ ಆರೋಗ್ಯ ವಿಚಾರಿಸಿದರು. ಮೋಡ ನೋಡಲು ಹೋಗುತ್ತಿದ್ದೇನೆ ಎಂದೆ. ಅವರು ನನ್ನ ಹೆಂಡತಿಯ ಕಡೆ ಕನಿಕರದಿಂದ ನೋಡಿದರು.

ಇದಕ್ಕೆಲ್ಲ ಕಾರಣ ನನ್ನ ಹಳೇ ಶಿಷ್ಯನೊಬ್ಬ. ಕಿರಂಗೂರಿನಲ್ಲಿ ಕಬ್ಬು ಬೆಳೆಯುತ್ತಾನೆ, ಹಸು ಕಟ್ಟಿದ್ದಾನೆ, ಟ್ರಾಕ್ಟರು ಬಾಡಿಗೆಗೆ ಬಿಡುತ್ತಾನೆ. ವಯಸ್ಸು ನಲವತ್ತು ದಾಟಿದೆ. ಅವನು ಶಾಲೆಯಲ್ಲಿದ್ದಾಗ ನಾನು ಅಂಗಳದಲ್ಲಿ ಒಂದು ಮಳೆ ಅಳೆಯುವ ಡಬ್ಬಿ ಇಟ್ಟು, ದಿನಾ ಬೆಳಿಗ್ಗೆ ಬೋರ್ಡಿನ ಮೇಲೆ 'ಇಂದು ಮಳೆ ಬರಬಹುದು', 'ಇಂದು ಬರಲಾರದು' ಎಂದು ಬರೆಯುತ್ತಿದ್ದೆ. ಅರ್ಧಕ್ಕರ್ಧ ಸುಳ್ಳಾಗುತ್ತಿತ್ತು. ಆದರೆ ಮಕ್ಕಳು ನೆನಪಿಟ್ಟುಕೊಂಡದ್ದು ನಿಜವಾದ ಅರ್ಧವನ್ನು ಮಾತ್ರ. ಸಿನಿಮಾದವರು ಟ್ರಾಕ್ಟರು ಕೇಳಿಕೊಂಡು ಹೋದಾಗ ಇವನು, "ನಮ್ ಮೇಷ್ಟ್ರು ಅವ್ರೆ ಸಾ, ಆಕಾಸ ನೋಡಿ ಏಳ್ಬುಡ್ತಾರೆ" ಅಂದಿದ್ದಾನೆ. ಮಾರನೇ ದಿನವೇ ನಿರ್ದೇಶಕರನ್ನು ಕರೆದುಕೊಂಡು ನಮ್ಮ ಮನೆಗೆ ಬಂದ.

ನಿರ್ದೇಶಕರು ಚಪ್ಪಲಿಯನ್ನು ಹೊರಗೆ ಬಿಟ್ಟರು, ಟೋಪಿಯನ್ನು ಬಿಡಲಿಲ್ಲ. ಅವರ ಕಥೆಯಲ್ಲಿ ನೂರು ವರ್ಷದ ಹಿಂದೆ ನಮ್ಮ ಸೀಮೆಯ ಹುಡುಗನೊಬ್ಬ ದೂರದ ಮಹಾಯುದ್ಧಕ್ಕೆ ಹೋಗಿ ವಿಮಾನ ಹಾರಿಸುತ್ತಾನೆ. ಅಂಥವನೊಬ್ಬ ನಿಜಕ್ಕೂ ಇದ್ದನೇ ಎಂದು ಕೇಳಿದೆ. "ಇರಬಹುದಲ್ವಾ ಸಾರ್" ಎಂದರು. ಇತಿಹಾಸದ ವಿಷಯ ಅಲ್ಲಿಗೆ ಮುಗಿಯಿತು.

"ನನ್ನ ಸಿನಿಮಾದಲ್ಲಿ ಗ್ರಾಫಿಕ್ಸ್ ಇರಲ್ಲ ಸಾರ್. ಮೊದಮೊದಲು ಯುದ್ಧದ ಸಿನಿಮಾ ತೆಗೆದವರ ಹತ್ರ ಕಂಪ್ಯೂಟರ್ ಇತ್ತಾ? ಮೂಕಿ ಕಾಲ. ನಿಜವಾದ ವಿಮಾನಕ್ಕೆ ಕ್ಯಾಮೆರಾ ಬಿಗಿದ್ರು. ನಟನೇ ವಿಮಾನದಲ್ಲಿ ಕೂತು, ತಾನೇ ಕ್ಯಾಮೆರಾ ಚಾಲೂ ಮಾಡಿಕೊಂಡು, ತಾನೇ ನಟಿಸಿದ. ವಾರಗಟ್ಟಲೆ ಮೋಡಕ್ಕೆ ಕಾದ್ರು."

"ಮೋಡ ಯಾಕಪ್ಪ?" ಕಾಫಿ ತಂದ ನನ್ನ ಹೆಂಡತಿ ಕೇಳಿದಳು.

"ಹಿಂದೆ ಬರೀ ನೀಲಿ ಆಕಾಶ ಇದ್ರೆ ವಿಮಾನ ಗೋಡೆ ಮೇಲೆ ಕೂತ ನೊಣದ ಥರ ಕಾಣುತ್ತಮ್ಮ. ಓಡ್ತಾ ಇದೆಯೋ ನಿಂತಿದೆಯೋ ಗೊತ್ತಾಗಲ್ಲ. ಮೋಡ ಇದ್ರೆ ತಾನೇ ವೇಗ."

ಈ ಮಾತಿಗೆ ನಾನು ತಲೆದೂಗಿದೆ. ಇದೇ ಪಾಠ ಹೇಳಲು ನಾನು ಮಕ್ಕಳನ್ನು ಪಾಂಡವಪುರದ ರೈಲ್ವೆ ಸ್ಟೇಷನ್ನಿಗೆ ಕರೆದೊಯ್ದು, ಪಕ್ಕದ ರೈಲು ಹೊರಟರೆ ನಮ್ಮದೇ ಹೊರಟಂತೆ ಕಾಣುವುದನ್ನು ತೋರಿಸುತ್ತಿದ್ದೆ. ಆಸಾಮಿಗೆ ವಿಜ್ಞಾನ ಗೊತ್ತಿದೆ ಅನ್ನಿಸಿತು. ಆ ಗೌರವ ಸುಮಾರು ಎರಡು ನಿಮಿಷ ಉಳಿಯಿತು. ಶೂಟಿಂಗ್ ಯಾವಾಗ ಎಂದು ಕೇಳಿದೆ.

"ಡಿಸೆಂಬರ್ ಸಾರ್. ಹೀರೋ ಡೇಟ್ಸ್ ಆಗ ಮಾತ್ರ ಇರೋದು."

"ಡಿಸೆಂಬರಿನಲ್ಲಿ ನಮ್ಮ ಕಡೆ ಆಕಾಶ ತೊಳೆದಿಟ್ಟ ಹಾಗಿರುತ್ತೆ. ನಿಮಗೆ ಬೇಕಾದ ಹತ್ತಿಯಂಥ ಬಿಳೀ ಮೋಡ ಬರೋದು ಕಷ್ಟ."

"ಪಾಸಿಟಿವ್ ಆಗಿ ಯೋಚಿಸಿ ಸಾರ್."

ಮೂವತ್ತನಾಲ್ಕು ವರ್ಷದ ಸರ್ವಿಸಿನಲ್ಲಿ ಹವಾಮಾನವನ್ನು ಈ ದಾರಿಯಿಂದ ಬದಲಾಯಿಸಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ಮೋಡ ಬರುವ ದಿನ ನೋಡಿ ಹೇಳುವ ಕೆಲಸ ಒಪ್ಪಿಕೊಂಡೆ. ಮನೆಯಲ್ಲಿ ಕೂತು ಪೇಪರಿನ ಪದಬಂಧ ತುಂಬುವುದಕ್ಕಿಂತ ಇದು ವಾಸಿ ಅನ್ನಿಸಿತು.

ಡಿಸೆಂಬರ್ ಬಂತು. ಮಂಡ್ಯ ಜಿಲ್ಲೆ ಯುರೋಪಾಯಿತು. ಫ್ರಾನ್ಸ್ ಎಂದರೆ ನಾಗಮಂಗಲ ರಸ್ತೆಯ ಒಂದು ಹುರುಳಿ ಹೊಲ. ಸೇನಾ ಶಿಬಿರ ಕೆ.ಆರ್. ಪೇಟೆ ಕಡೆಯ ಒಂದು ಬಯಲಿನಲ್ಲಿ. ಯಾವ ಮೂಲೆಯಲ್ಲಿ ಕ್ಯಾಮೆರಾ ಇಟ್ಟರೂ ಒಂದು ತೆಂಗಿನ ಮರ ಒಳಗೆ ಇಣುಕುತ್ತಿದ್ದುದರಿಂದ ಅಲ್ಲಿ ಎರಡು ದಿನ ಬರೀ ಮರ ತಪ್ಪಿಸುವುದರಲ್ಲೇ ಕಳೆಯಿತು. ಹೀರೋ ಯುದ್ಧಕ್ಕೆ ಹೊರಡುವ ಮುನ್ನ ಅಳುವುದು ಮಾತ್ರ ಶ್ರೀರಂಗಪಟ್ಟಣದ ಹೊಳೆ ದಂಡೆಯಲ್ಲಿ, ಯಾಕೆಂದರೆ ಅದು ಹೇಗೂ ಶ್ರೀರಂಗಪಟ್ಟಣವೇ ಆಗಬೇಕಿತ್ತು. ಇನ್ನು ಆಕಾಶಯುದ್ಧಕ್ಕೆ ಮೇಲುಕೋಟೆ ರಸ್ತೆಯ ಪಕ್ಕದ ಒಂದು ಬೋಳು ಬಂಡೆಗುಡ್ಡ. ಅದರ ನೆತ್ತಿಯ ಮೇಲೆ ಕ್ಯಾಮೆರಾವನ್ನು ತುಸು ಕೆಳಗಿನಿಂದ ಇಟ್ಟರೆ ಹಿಂದೆ ಬರೀ ಆಕಾಶ.

ವಿಮಾನದ ಮುಂಭಾಗವನ್ನು ಪ್ಲೈವುಡ್ಡು, ಬಟ್ಟೆಗಳಿಂದ ಮಾಡಿದ್ದರು. ಅದನ್ನು ನನ್ನ ಶಿಷ್ಯನ ಟ್ರಾಕ್ಟರಿನ ಟ್ರೈಲರಿನ ಮೇಲೆ ಬಿಗಿದರು. ಮಣ್ಣು ಸುರಿಯಲು ಮೇಲೇಳುವ ಟ್ರೈಲರು ಅದು. ಶಿಷ್ಯ ಲಿವರ್ ಎಳೆದರೆ ವಿಮಾನ ಮೂತಿ ಎತ್ತುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಇಬ್ಬರು ಗಟ್ಟಿಗರು ಎರಡು ಕಡೆ ನಿಂತು ಅಲ್ಲಾಡಿಸುತ್ತಿದ್ದರು. ಒಂದು ದೊಡ್ಡ ಫ್ಯಾನು ಗಾಳಿ ಹೊಡೆಯುತ್ತಿತ್ತು.

ಹೀರೋ ಒಳ್ಳೆಯವನು, ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ಆದರೆ ಹಳೇ ಕಾಲದವರ ಹಾಗೆ ಅವನೇ ಎಲ್ಲ ಮಾಡಬೇಕು ಎಂದು ನಿರ್ದೇಶಕರ ಹಟ. ಮುಖದ ಮುಂದೆ ಬಿಗಿದ ಕ್ಯಾಮೆರಾದ ಬಟನ್ನನ್ನು ಅವನೇ ಒತ್ತಬೇಕು, ವಿಮಾನ ನಡೆಸುವ ಕೋಲು ತಿರುಗಿಸಬೇಕು, ಹಿಂದೆ ತಿರುಗಿ ಶತ್ರುವನ್ನು ನೋಡಿ ಹಲ್ಲು ಕಚ್ಚಬೇಕು. ಬಟನ್ ಒತ್ತಿದ ದಿನ ಹಲ್ಲು ಕಚ್ಚುವುದು ಮರೆಯುತ್ತಿದ್ದ. ಹಲ್ಲು ಕಚ್ಚಿದ ದಿನ ಬಟನ್ನು. ಒಮ್ಮೆ ಎಲ್ಲವೂ ಸರಿಯಾಗಿ ಆಗಿ, ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ನೋಡಿದರೆ ಆಗ ತಾನೇ ಕ್ಯಾಮೆರಾ ಚಾಲೂ ಆಗಿತ್ತು. ನಾವು ಚಪ್ಪಾಳೆ ತಟ್ಟುವುದು ಮಾತ್ರ ಬಹಳ ಸೊಗಸಾಗಿ ಬಂದಿತ್ತು. ನಾನು ಮನೆಗೆ ಬಂದು ಹೆಂಡತಿಯ ಮುಂದೆ ಅವನನ್ನು ಅನುಕರಿಸಿ ತೋರಿಸುತ್ತಿದ್ದೆ. ಒಂದು ಬಟನ್ ಒತ್ತುವುದು ಅದೇನು ಮಹಾ ವಿದ್ಯೆ ಎಂದು ಹೇಳಿದ್ದೂ ನೆನಪಿದೆ.

ಶತ್ರು ಪೈಲಟ್ಟಿಗೆ ಚರ್ಮದ ಟೋಪಿ, ದೊಡ್ಡ ಕನ್ನಡಕ. ಮುಖ ಕಾಣುವುದಿಲ್ಲವಾದ್ದರಿಂದ ಯಾರಾದರೂ ನಡೆಯುತ್ತಿತ್ತು. ನನ್ನ ಶಿಷ್ಯನಿಗೇ ತೊಡಿಸಿದರು. ಅವನು ಗುಂಡು ತಗುಲಿ ಮುಂದಕ್ಕೆ ಕುಸಿಯಬೇಕು. ಅಭಿನಯ ಅಂದರೆ ಏನೆಂದು ಗೊತ್ತಿಲ್ಲದ ಅವನು ಹೀರೋಗಿಂತ ಚೆನ್ನಾಗಿ ಸತ್ತ. ಅದೇ ತಪ್ಪಾಯಿತು. ಬೇರೆ ಬೇರೆ ಶತ್ರುಗಳಾಗಿ ಮತ್ತೆ ಮತ್ತೆ ಸಾಯಬೇಕಾಯಿತು.

ಒಂದು ಮಧ್ಯಾಹ್ನ ಅವನ ತಾಯಿ ಊಟದ ಕ್ಯಾರಿಯರು ಹಿಡಿದು ಗುಡ್ಡ ಹತ್ತಿ ಬಂದರು. ಎಪ್ಪತ್ತರ ಹತ್ತಿರದ ಹೆಂಗಸು. ಮಗ ಟ್ರೈಲರಿನ ಮೇಲೆ ಕತ್ತು ವಾಲಿಸಿ ಬಿದ್ದಿದ್ದಾನೆ, ಬಾಯಿಂದ ಕೆಂಪು ಬಣ್ಣ ಸೋರುತ್ತಿದೆ. ನಾನು ಗಾಬರಿಯಿಂದ ಅವರ ಕಡೆ ಓಡಿದೆ. ಅವರು ಸೊಂಟದ ಮೇಲೆ ಕೈ ಇಟ್ಟುಕೊಂಡು ಒಂದು ಗಳಿಗೆ ನೋಡಿದರು.

"ಎದ್ದು ಉಣ್ಲಾ," ಅಂದರು. "ಮುದ್ದೆ ಆರೋಯ್ತದೆ. ಆಮ್ಯಾಕೆ ಸಾಯಿವಂತೆ."

ಶತ್ರು ಎದ್ದು ಬಂದು ಬಂಡೆ ನೆರಳಿನಲ್ಲಿ ಕೂತು ಉಂಡ. ನಿರ್ದೇಶಕರು ಶಾಟ್ ಮಧ್ಯದಲ್ಲಿ ಹೀಗೆಲ್ಲ ಆಗಬಾರದು ಎಂದು ಸಿಡುಕಿದರು. ಆಯಮ್ಮ ಅವರಿಗೂ ಒಂದು ತಟ್ಟೆ ಹಾಕಿ ಕೊಟ್ಟರು. ಸಿಡುಕು ನಿಂತಿತು.

ಇಷ್ಟೆಲ್ಲ ಇದ್ದರೂ ಇಲ್ಲದ್ದು ಒಂದೇ, ಮೋಡ. ದಿನಾ ಬೆಳಿಗ್ಗೆ ನೂರು ಜನ ಗುಡ್ಡದ ಮೇಲೆ ನಿಂತು ಮೊದಲು ಆಕಾಶ ನೋಡುತ್ತಿದ್ದರು, ಆಮೇಲೆ ನನ್ನನ್ನು. ಆಕಾಶವನ್ನು ನೋಡುವಾಗ ಅವರ ಕಣ್ಣಲ್ಲಿ ಆಸೆ ಇರುತ್ತಿತ್ತು. ನನ್ನನ್ನು ನೋಡುವಾಗ, ಆಸ್ಪತ್ರೆ ಕಟ್ಟಿಸುತ್ತೇನೆಂದು ಹೇಳಿ ಹೋದ ಎಂ.ಎಲ್.ಎ. ಮತ್ತೆ ಎದುರಾದಾಗ ಇರುವಂಥ ನೋಟ. ನಾನು ಅಂಗೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದು ನಾಲ್ಕೂ ದಿಕ್ಕು ನೋಡಿ, "ಗಾಳಿ ಇನ್ನೂ ತಿರುಗಿಲ್ಲ" ಅನ್ನುತ್ತಿದ್ದೆ. ಎತ್ತ ತಿರುಗಬೇಕು ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಗುಡ್ಡಕ್ಕೆ ಬಂದ ಒಂಬತ್ತನೇ ದಿನ ನಿರ್ದೇಶಕರಿಗೆ ಒಂದು ಉಪಾಯ ಹೊಳೆಯಿತು. ಗುಡ್ಡದ ಬುಡದಲ್ಲಿ ಬೆಲ್ಲ ಮಾಡುವ ಆಲೆಮನೆ ಇತ್ತು. ಅದರ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಅದನ್ನೇ ಮೋಡ ಮಾಡಿದರೆ ಹೇಗೆ? ಆಲೆಮನೆಯವರು ಸಜ್ಜನರು. ಹಸಿ ಕಬ್ಬಿನ ಸಿಪ್ಪೆಯನ್ನು ರಾಶಿ ಹಾಕಿ ಬೆಂಕಿ ಕೊಟ್ಟರು. ಹೊಗೆ ಎದ್ದಿತು, ಗುಡ್ಡ ಹತ್ತಿತು, ಹೀರೋನ ಮೂಗಿಗೆ ಹೊಕ್ಕಿತು. ಅವನು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಸಿದ. ಅಭಿನಯ ಅದ್ಭುತವಾಗಿದೆ ಎಂದರು. ಇಡೀ ಯುದ್ಧಭೂಮಿಗೆ ಬೆಲ್ಲದ ವಾಸನೆ. ಶಾಟ್ ನೋಡಿದ ಕ್ಯಾಮೆರಾಮನ್, ಮೋಡದ ಹಾಗಿಲ್ಲ, ಆಲೆಮನೆ ಹೊಗೆಯ ಹಾಗಿದೆ ಎಂದು ಗಂಭೀರವಾಗಿ ತೀರ್ಪು ಕೊಟ್ಟರು. ಅದು ಆಲೆಮನೆ ಹೊಗೆಯೇ ಆಗಿತ್ತಾದ್ದರಿಂದ ಯಾರೂ ವಾದ ಮಾಡಲಿಲ್ಲ.

ಅವತ್ತು ಸಂಜೆ ರೇಡಿಯೋದಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ಹೇಳಿದರು. ಮಾರನೇ ಬೆಳಿಗ್ಗೆ ನಾನು ಅದನ್ನು ನನ್ನ ಸ್ವಂತ ಧ್ವನಿಯಲ್ಲಿ ಹೇಳಿದೆ. ಬಂಡೆಯ ಮೇಲೆ ನಿಂತು, ಪೂರ್ವಕ್ಕೆ ಮುಖ ಮಾಡಿ, ಕಣ್ಣು ಕಿರಿದು ಮಾಡಿ, "ಎರಡು ದಿನ ಮಂಕು, ಮೂರನೇ ದಿನ ನಿಮಗೆ ಬೇಕಾದ ಮೋಡ" ಎಂದೆ. ಎರಡು ದಿನ ಜಿಟಿಜಿಟಿ ಹನಿಯಿತು. ಮೂರನೇ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಆಕಾಶದ ತುಂಬ ಬಿಳೀ ಮೋಡದ ಗುಡ್ಡೆಗಳು. ನನಗೇ ಆಶ್ಚರ್ಯವಾಯಿತು. ನಿರ್ದೇಶಕರು ಬಂದು ನನ್ನ ಕಾಲು ಮುಟ್ಟಿದರು. ನಾನು ರೇಡಿಯೋದ ವಿಷಯ ಎತ್ತಲಿಲ್ಲ. ನನ್ನ ಶಿಷ್ಯ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ.

"ನಮ್ಮನೇಲೂ ರೇಡಿಯೋ ಐತೆ ಸಾ."

"ಸುಮ್ನಿರು ಕಣಯ್ಯ."

"ನಾನ್ಯಾಕೆ ಏಳ್ಲಿ."

ಆ ದಿನಕ್ಕೆ ಅಂತಲೇ ನಿಜವಾದ ಒಂದು ವಿಮಾನ ಕಾದಿತ್ತು. ಎರಡು ಬೇಕಿತ್ತು, ಸಿಕ್ಕಿದ್ದು ಒಂದು. ಇಬ್ಬರು ಕೂರುವ ಪುಟಾಣಿ ವಿಮಾನ, ಮೈಸೂರಿನ ಕಡೆಯ ರನ್‌ವೇಯಲ್ಲಿ ನಿಂತಿತ್ತು. ಬೆಳಿಗ್ಗೆ ಅದರ ರೆಕ್ಕೆಗೆ ನಮ್ಮವರ ಗುರುತು ಅಂಟಿಸಿ ಹಾರಿಸುವುದು, ಮಧ್ಯಾಹ್ನ ಅದನ್ನು ಕಿತ್ತು ಶತ್ರುವಿನ ಗುರುತು ಅಂಟಿಸಿ ಹಾರಿಸುವುದು, ಆಮೇಲೆ ಎರಡನ್ನೂ ಜೋಡಿಸುವುದು ಎಂದು ಯೋಜನೆ. ಹೀಗೆ ತನ್ನೊಂದಿಗೆ ತಾನೇ ಹೋರಾಡಬೇಕಾಗಿದ್ದ ಪೈಲಟ್ಟು ವಾಯುಪಡೆಯಿಂದ ನಿವೃತ್ತರಾದವರು. ನನ್ನಷ್ಟೇ ವಯಸ್ಸು. ಮಾತು ಬಹಳ ಕಡಿಮೆ.

ನಾವೆಲ್ಲ ಅಲ್ಲಿಗೆ ಹೋಗುವ ಹೊತ್ತಿಗೆ ಕ್ಯಾಮೆರಾಗಳನ್ನು ವಿಮಾನಕ್ಕೆ ಬಿಗಿದಾಗಿತ್ತು. ಹಿಂದಿನ ಸೀಟಿನಲ್ಲಿ ಯಾರಾದರೂ ಕೂತು ಯಾವ ಮೋಡದ ಕಡೆ ಹೋಗಬೇಕೆಂದು ಹೇಳಿ, ಸರಿಯಾದ ಗಳಿಗೆಯಲ್ಲಿ ಬಟನ್ ಒತ್ತಬೇಕಿತ್ತು. ಪೈಲಟ್ ಕ್ಯಾಮೆರಾಮನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಇಷ್ಟು ತೂಕ ಆಗಲ್ಲ" ಎಂದರು. ಹೀರೋನ ಒಪ್ಪಂದದಲ್ಲಿ ಹಾರುವುದು ಇರಲಿಲ್ಲವಂತೆ. ನಿರ್ದೇಶಕರಿಗೆ ಇದ್ದಕ್ಕಿದ್ದಂತೆ ತಮ್ಮ ಬಿ.ಪಿ. ನೆನಪಾಯಿತು. ಹಳೇ ಕಾಲದವರ ಧೈರ್ಯದ ಬಗ್ಗೆ ಮೂರು ವಾರ ಭಾಷಣ ಮಾಡಿದ ಬಾಯಿ ಅದು. ಕೊನೆಗೆ ಎಲ್ಲರೂ ನನ್ನ ಕಡೆ ನೋಡಿದರು. ನನ್ನ ತೂಕ ಐವತ್ತೆರಡು ಕೆ.ಜಿ.

ಹೆಂಡತಿಗೆ ಫೋನ್ ಮಾಡಿದೆ.

"ಅಟ್ಟದ ಏಣಿ ಹತ್ತೋಕೇ ಕೆಳಗೆ ನಾನು ಹಿಡಕೋಬೇಕು ನಿಮಗೆ," ಅಂದಳು.

"ಇಲ್ಲಿ ಬೆಲ್ಟ್ ಹಾಕ್ತಾರಂತೆ."

"ಸ್ವೆಟರ್ ಹಾಕ್ಕೊಳಿ," ಅಂದು ಫೋನ್ ಇಟ್ಟಳು.

ವಿಮಾನ ನೆಲ ಬಿಟ್ಟಾಗ ನಾನು ಕಣ್ಣು ಮುಚ್ಚಿದ್ದೆ. ಮೇಲುಕೋಟೆಯಲ್ಲಿ ಹುಟ್ಟಿದ ನನಗೆ ಎತ್ತರ ಹೊಸದಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡಿದ್ದೆ. ಬೆಟ್ಟದ ಎತ್ತರಕ್ಕೆ ಕೆಳಗೆ ಬೆಟ್ಟ ಇರುತ್ತದೆ ಎಂಬ ವ್ಯತ್ಯಾಸ ಈಗ ತಿಳಿಯಿತು. ಕಣ್ಣು ತೆರೆದಾಗ ಕಾವೇರಿ ಎರಡಾಗಿ ಒಡೆದು ಶ್ರೀರಂಗಪಟ್ಟಣವನ್ನು ಸುತ್ತಿ ಮತ್ತೆ ಒಂದಾಗುವುದು ಕಾಣಿಸಿತು. ಭೂಪಟದಲ್ಲಿ ಕೋಲು ಇಟ್ಟು ಎಷ್ಟೋ ಸಲ ತೋರಿಸಿದ್ದೆ. ಭೂಪಟ ಬರೆದವರು ನಿಜ ಹೇಳಿದ್ದರು. ನಾಲೆಯ ನೀರು ಮುಟ್ಟುವವರೆಗೆ ಕಬ್ಬಿನ ಹಸಿರು, ಅದು ಮುಗಿದಲ್ಲಿ ಗೆರೆ ಎಳೆದ ಹಾಗೆ ಕಂದು ನೆಲ. ಸಕ್ಕರೆ ಕಾರ್ಖಾನೆಯ ಚಿಮಣಿ, ಅದರ ಆಚೆ ನನ್ನ ಶಾಲೆ ಇರಬೇಕಾದ ಜಾಗ. ದೂರದಲ್ಲಿ ಮೇಲುಕೋಟೆ ಬೆಟ್ಟ, ಅದರ ಮೇಲೆ ಅಂಗೈಯಲ್ಲಿ ಹಿಡಿಯಬಹುದಾದಷ್ಟು ಗುಡಿ. ನಮ್ಮಪ್ಪ ಮುಂಜಾನೆ ತಣ್ಣೀರು ಮಿಂದು ಆ ಗುಡಿಗೆ ಹೋಗುತ್ತಿದ್ದುದು ನೆನಪಾಯಿತು.

"ಯಾವ ಮೋಡ?" ಪೈಲಟ್ ಕೇಳಿದರು.

ಎಡಕ್ಕಿದ್ದ ದೊಡ್ಡದನ್ನು ತೋರಿಸಿದೆ. ದೂರದಿಂದ ಅದು ನಿಂತೇ ಇತ್ತು, ನಾವೂ ನಿಂತೇ ಇದ್ದೆವು. ಹತ್ತಿರ ಹೋದದ್ದೇ ಒಮ್ಮೆಲೇ ಆ ಬಿಳೀ ಗೋಡೆ ನಮ್ಮ ಮೇಲೆ ನುಗ್ಗಿತು. ರೆಕ್ಕೆಯ ಪಕ್ಕದಲ್ಲಿ ಅದರ ಅಂಚು ಹರಿದು ಹಿಂದಕ್ಕೆ ಓಡಿತು. ಅವರು ವಿಮಾನವನ್ನು ಒಂದು ಪಕ್ಕಕ್ಕೆ ಮಲಗಿಸಿ ಕೆಳಕ್ಕೆ ಇಳಿಸಿದರು. ಎಷ್ಟು ವೇಗದಲ್ಲಿ ಹೋಗುತ್ತಿದ್ದೇವೆ ಎಂದು ಆ ಗಳಿಗೆಯಲ್ಲಿ ನನ್ನ ಹೊಟ್ಟೆಗೆ, ಕಿವಿಗೆ, ಹಲ್ಲಿಗೆ ಎಲ್ಲಕ್ಕೂ ಗೊತ್ತಾಯಿತು. ರೈಲ್ವೆ ಸ್ಟೇಷನ್ನಿನಲ್ಲಿ ನಿಂತು ಮಕ್ಕಳಿಗೆ ಹೇಳಿದ್ದೆಲ್ಲ ಬಾಯಿಪಾಠ. ಬಾಯಿ ತೆರೆದುಕೊಂಡು ಕೂತಿದ್ದೆ.

"ಮೇಷ್ಟ್ರೇ," ಪೈಲಟ್ ಕೂಗಿದರು, "ಬಟನ್?"

ಒತ್ತಿರಲಿಲ್ಲ.

ಅವರು ಬೈಯಲಿಲ್ಲ. ಸುತ್ತು ಹಾಕಿ ಮತ್ತೆ ಮೇಲೇರಿದರು. ಏರುವಾಗ ನಾನು ಸಮಾಧಾನಕ್ಕೆ ಏನಾದರೂ ಮಾತಾಡಬೇಕೆಂದು, ನಿಜವಾದ ಯುದ್ಧದಲ್ಲೂ ಹೀಗೇ ಇರುತ್ತಾ ಎಂದು ಕೇಳಿದೆ.

"ನಾನು ಯುದ್ಧಕ್ಕೆ ಹೋದಾಗ ಎದುರಾಳೀನ ಒಂದ್ಸಲಾನೂ ಕಣ್ಣಾರೆ ನೋಡಿಲ್ಲ," ಎಂದರು. "ಇವರು ಪ್ರತಿ ಶಾಟಲ್ಲೂ ಅವನ್ನ ತೋರಿಸ್ತಾರಲ್ಲ, ಅದು ಒಳ್ಳೇದು. ನೋಡಿದ್ರೆ ಹೊಡೆಯೋಕಾಗ್ತಿತ್ತೋ ಇಲ್ವೋ."

ಎರಡನೇ ಸಲ ಮೋಡದ ಅಂಚು ಹರಿಯುವಾಗ ಬಟನ್ ಒತ್ತಿ ಹಿಡಿದೆ. ಬೆಳಿಗ್ಗೆ ತಿಂದ ಉಪ್ಪಿಟ್ಟು ಹೊರಗೆ ಬಂತು, ಸ್ವೆಟರಿನ ಮೇಲೆ. ಆದರೂ ಬೆರಳು ತೆಗೆಯಲಿಲ್ಲ. ಕೆಳಗಿಳಿದಾಗ ಹೀರೋ ಬಂದು ಕೈಹಿಡಿದು ಇಳಿಸಿಕೊಂಡ. ನಾನು ಅವನನ್ನು ಅನುಕರಿಸುತ್ತಿದ್ದುದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಬಾಯಿ ಬಿಟ್ಟು ಕೇಳುವಷ್ಟು ದೊಡ್ಡವನಾಗಿರಲಿಲ್ಲ.

ಆರು ತಿಂಗಳ ಮೇಲೆ ಸಿನಿಮಾ ಬಂತು. ನಾನು, ಹೆಂಡತಿ, ಶಿಷ್ಯ, ಅವನ ತಾಯಿ ನಾಲ್ಕೂ ಜನ ಮಂಡ್ಯಕ್ಕೆ ಹೋಗಿ ನೋಡಿದೆವು. ಹೀರೋ ಹೊಳೆ ದಂಡೆಯಲ್ಲಿ ಬಹಳ ಹೊತ್ತು ಅತ್ತ. ಫ್ರಾನ್ಸಿನ ಒಂದು ಮೂಲೆಯಲ್ಲಿ ಒಂದು ತೆಂಗಿನ ಗರಿ ಉಳಿದೇ ಬಿಟ್ಟಿತ್ತು. ಆಲೆಮನೆ ಹೊಗೆಯನ್ನೂ ಹಾಕಿದ್ದರು, ವಿಷಾನಿಲದ ದಾಳಿ ಎಂದು. ಅದು ಬಂದಾಗ ನನ್ನ ಪಕ್ಕದಲ್ಲಿ ಕೂತಿದ್ದ ಯಾರೋ ಹೆಂಗಸು ಮೂಗಿಗೆ ಸೆರಗು ಹಿಡಿದಳು. ಆಮೇಲೆ ನನ್ನ ಮೋಡ ಬಂತು. ಇಡೀ ತೆರೆಯ ಮೇಲೆ ಬಿಳೀ ಗೋಡೆ, ಹರಿದು ಓಡುವ ಅಂಚು, ಪಕ್ಕಕ್ಕೆ ಮಲಗಿದ ರೆಕ್ಕೆ. ನಾನು ಕುರ್ಚಿಯ ತೋಳು ಬಿಗಿಯಾಗಿ ಹಿಡಿದೆ. ಆರೇಳು ಸೆಕೆಂಡು ಇರಬಹುದು.

ಹಿಂದಿನ ಸಾಲಿನಲ್ಲಿ ಒಬ್ಬ ಜೊತೆಯವನಿಗೆ ಹೇಳಿದ: "ಇಲ್ಲಿ ಗ್ರಾಫಿಕ್ಸ್ ಮಾಡವ್ರೆ ಕಣ್ಲಾ. ಮೋಡ ನೋಡು, ಗೊತ್ತಾಯ್ತದೆ."

ನನ್ನ ಶಿಷ್ಯ ತಿರುಗಿ ಏನೋ ಹೇಳಲು ಹೊರಟ. ನಾನು ಅವನ ಮೊಣಕಾಲು ಒತ್ತಿದೆ. ಇನ್ನೊಂದು ವಾರದಲ್ಲಿ ನಿರ್ದೇಶಕರು ಟಿ.ವಿ.ಯಲ್ಲಿ ಬಂದು, ಮೋಡಕ್ಕಾಗಿ ತಾವು ಹೇಗೆ ಗುಡ್ಡದ ಮೇಲೆ ಏಕಾಂಗಿಯಾಗಿ ಕಾದೆವು ಎಂದು ವಿವರಿಸಿದರು. ಟೋಪಿ ಅದೇ ಇತ್ತು. ಒಬ್ಬರೇ ಕಾಯ್ದರೆ 'ಕಾದೆವು' ಆಗುವುದಿಲ್ಲ, 'ಕಾದೆ' ಆಗುತ್ತದೆ ಎಂದು ತಿದ್ದಬೇಕೆನ್ನಿಸಿತು.

ಅದಾದ ಮೇಲೆ ಒಂದು ದಿನ ಪೈಲಟ್ ಫೋನ್ ಮಾಡಿದರು. ಸಿನಿಮಾ ನೋಡಿದರಂತೆ, ಅದರ ಬಗ್ಗೆ ಏನೂ ಹೇಳಲಿಲ್ಲ. ಭಾನುವಾರ ಆಸಕ್ತರನ್ನು ಕೂರಿಸಿಕೊಂಡು ಒಂದು ಸುತ್ತು ಹಾರಿಸುತ್ತೇನೆ, ಬರುತ್ತೀರಾ ಎಂದರು. ನಾನು ಫೋನನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹೆಂಡತಿಗೆ ಹೇಳಿದೆ.

"ಐವತ್ತೆಂಟು ಕೆ.ಜಿ. ಆಗುತ್ತಾ ಕೇಳಿ," ಅಂದಳು.

ಆಗುತ್ತದಂತೆ. ಭಾನುವಾರ ನಾನು ರನ್‌ವೇ ಪಕ್ಕದ ಬೇಲಿ ಹಿಡಿದು ನಿಂತಿದ್ದೆ. ವಿಮಾನ ಏರಿ ಪಾಂಡವಪುರದ ಕಡೆ ತಿರುಗಿ ಚುಕ್ಕೆಯಾಯಿತು. ಆಕಾಶ ಅವತ್ತು ಪೂರಾ ನೀಲಿ. ಅದು ಓಡುತ್ತಿದೆಯೋ ನಿಂತಿದೆಯೋ ಕೆಳಗಿದ್ದವನಿಗೆ ತಿಳಿಯಲಿಲ್ಲ. ಇಪ್ಪತ್ತು ನಿಮಿಷ ಬಹಳ ದೊಡ್ಡದಾಯಿತು. ಇಳಿದು ಬಂದಾಗ ಅವಳ ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು, ಸೀರೆಯ ಮೇಲೆ ಒಂದು ಕಲೆಯೂ ಇರಲಿಲ್ಲ.

"ನಮ್ಮ ಮನೆ ತಾರಸಿ ಮೇಲೆ ನೀವು ಒಣಹಾಕಿದ ಪಂಚೆ ಹಾರಿಹೋಗಿ ಪಕ್ಕದವರ ಟ್ಯಾಂಕಿನ ಮೇಲೆ ಬಿದ್ದಿದೆ," ಅಂದಳು.

ಅಷ್ಟು ಎತ್ತರದಿಂದ ಪಂಚೆ ಕಾಣುವುದಿಲ್ಲ ಎಂದು ನಾನು ವಿಜ್ಞಾನ ಹೇಳಿದೆ. ಬಸ್ಸಿಳಿದು ಮನೆಗೆ ಬಂದು ತಾರಸಿ ಹತ್ತಿದರೆ ಪಂಚೆ ಟ್ಯಾಂಕಿನ ಮೇಲೇ ಇತ್ತು.